ಮನೆ ಮಂಜೂರಾಗಿದೆಯೇ, ಕಂತು ಎಲ್ಲಿ ನಿಂತಿದೆ? ವಸತಿ ಯೋಜನೆಯ ಫಲಾನುಭವಿ ಸ್ಥಿತಿ ನೋಡುವ ಬಗೆ

ಕಡತಕಟ್ಟು

ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ ಹೆಸರಿದೆ, ಆದರೆ ವೆಬ್‌ಸೈಟಿನಲ್ಲಿ ಹುಡುಕಿದರೆ ದಾಖಲೆಯೇ ಇಲ್ಲ ಎನ್ನುತ್ತದೆ. ಈ ದೂರಿಗೆ ಹೆಚ್ಚಿನ ಸಲ ಕಾರಣ ಒಂದೇ: ಒಂದು ಯೋಜನೆಯ ಮನೆಯನ್ನು ಇನ್ನೊಂದು ಯೋಜನೆಯ ತಾಣದಲ್ಲಿ ಹುಡುಕಿರುತ್ತಾರೆ. ಜನರ ಬಾಯಲ್ಲಿ ಎಲ್ಲವೂ "ಆಶ್ರಯ ಮನೆ". ಕಂಪ್ಯೂಟರಿನಲ್ಲಿ ಹಾಗಿಲ್ಲ.

ಕರ್ನಾಟಕದಲ್ಲಿ ಮೂರು ಕಡೆ ನೋಡಬೇಕಾಗುತ್ತದೆ. ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ, ವಾಜಪೇಯಿ ನಗರ ವಸತಿ ಇವೆಲ್ಲ ರಾಜ್ಯದ ಯೋಜನೆಗಳು. ಇವುಗಳ ಮಾಹಿತಿ ರಾಜೀವ್ ಗಾಂಧಿ ವಸತಿ ನಿಗಮದ ತಾಣದಲ್ಲಿದೆ (ಆಶ್ರಯ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್). ಹಳ್ಳಿಯ ಪ್ರಧಾನ ಮಂತ್ರಿ ಆವಾಸ್, ಅಂದರೆ ಗ್ರಾಮೀಣ, ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದ ಆವಾಸ್‌ಸಾಫ್ಟ್ ಎಂಬ ತಾಣದಲ್ಲಿದೆ. ಪಟ್ಟಣದ ಪ್ರಧಾನ ಮಂತ್ರಿ ಆವಾಸ್ ಬೇರೆ ಸಚಿವಾಲಯದ್ದು, ಅದರ ತಾಣ ಪಿಎಂಎವೈಎಂಐಎಸ್. ಒಂದರ ನಂಬರನ್ನು ಇನ್ನೊಂದರಲ್ಲಿ ಹಾಕಿದರೆ ಏನೂ ಸಿಗುವುದಿಲ್ಲ.

ಕೇಂದ್ರದ ಗ್ರಾಮೀಣ ಯೋಜನೆಯನ್ನೂ ರಾಜ್ಯದಲ್ಲಿ ನಡೆಸುವುದು ಇದೇ ನಿಗಮ. ಹಾಗಾಗಿ "ನಿಗಮದಿಂದ ಬಂದಿದೆ" ಎಂಬ ಮಾತಿನಿಂದ ಯೋಜನೆ ಯಾವುದೆಂದು ತಿಳಿಯುವುದಿಲ್ಲ. ಕೈಯಲ್ಲಿರುವ ಮಂಜೂರಾತಿ ಆದೇಶದ ಮೇಲ್ಭಾಗದಲ್ಲಿ ಯೋಜನೆಯ ಹೆಸರು ಮತ್ತು ವರ್ಷ ಇರುತ್ತದೆ, ಮೊದಲು ಅದನ್ನು ಓದಿ. ಆದೇಶ ಇಲ್ಲದಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಕೇಳಬೇಕಾದದ್ದು ಎರಡೇ: ಯಾವ ಯೋಜನೆ, ಫಲಾನುಭವಿ ಸಂಕೇತ ಎಷ್ಟು. "ನಮ್ಮ ಮನೆ ಏನಾಯ್ತು ಸಾರ್" ಎಂದು ಕೇಳಿದರೆ "ಆಗುತ್ತೆ ಬಿಡಿ" ಎಂಬ ಉತ್ತರ ಬರುತ್ತದೆ. ನಂಬರು ಕೇಳಿದರೆ ನಂಬರು ಬರುತ್ತದೆ.

ಬಯಲುಸೀಮೆ_ಬೆಳಕು

ನಿಗಮದ ತಾಣದ ಬಗ್ಗೆ ಸೇರಿಸುತ್ತೇನೆ. ಫಲಾನುಭವಿಯ ಮಾಹಿತಿ ಎಂಬ ಕೊಂಡಿ ಒತ್ತಿ, ಜಿಲ್ಲೆ ಆರಿಸಿ, ಫಲಾನುಭವಿ ಸಂಕೇತ ಹಾಕಿ. ಹೆಸರು, ಯೋಜನೆ, ಮನೆಯ ಹಂತ, ಕಂತಿನ ವಿವರ ಬರಬೇಕು.

ಎಡವುವುದು ಜಿಲ್ಲೆಯ ಹತ್ತಿರ. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ, ಅದಕ್ಕಿಂತ ಹಿಂದಿನ ಮನೆಗಳನ್ನು ಬಳ್ಳಾರಿಯಲ್ಲೂ ನೋಡಬೇಕು. ಹರಪನಹಳ್ಳಿಯದ್ದಂತೂ ಮೊದಲು ದಾವಣಗೆರೆ, 2018ರ ನಂತರ ಬಳ್ಳಾರಿ, ಈಗ ವಿಜಯನಗರ. ಮಂಜೂರಾದ ವರ್ಷದಲ್ಲಿ ಊರು ಯಾವ ಜಿಲ್ಲೆಯಲ್ಲಿತ್ತೋ ಅದನ್ನೂ ಹಾಕಿ ನೋಡದೆ "ಇಲ್ಲ" ಎಂದು ತೀರ್ಮಾನಿಸಬೇಡಿ. ಹೊಸ ತಾಲ್ಲೂಕುಗಳಿಗೂ ಇದೇ ಮಾತು, ಹಳೆಯ ತಾಲ್ಲೂಕಿನ ಹೆಸರಿನಡಿ ಹುಡುಕಿ.

ಇನ್ನೊಂದು, ಗಂಡಸರ ಹೆಸರಲ್ಲಿ ಹುಡುಕಿ ಸುಸ್ತಾಗುವವರು ಬಹಳ. ಈ ಯೋಜನೆಗಳಲ್ಲಿ ಮನೆ ಸಾಮಾನ್ಯವಾಗಿ ಮನೆಯೊಡತಿಯ ಹೆಸರಲ್ಲಿ ಮಂಜೂರಾಗುತ್ತದೆ. ಅರ್ಜಿ ಬರೆದು ಓಡಾಡಿದ್ದು ಗಂಡನೇ ಆದರೂ ದಾಖಲೆಯಲ್ಲಿ ಇರುವುದು ಹೆಂಡತಿ ಅಥವಾ ತಾಯಿ.

ಹೊಸಮನೆ_ಹಾದಿ

ಆವಾಸ್ ಗ್ರಾಮೀಣದ ನೋಂದಣಿ ಸಂಖ್ಯೆಯೇ ಗೊತ್ತಿಲ್ಲದಿದ್ದರೆ ಹೇಗೆ ಅಣ್ಣಾ? ಹೆಸರು ಹಾಕಿ ನೋಡುವ ದಾರಿ ಇದೆಯಾ?

ಗ್ರಾಮಸಭೆ_ಓದುಗ

ಎರಡು ದಾರಿ ಇವೆ.

ಮೊದಲನೆಯದು: ಆವಾಸ್ ಗ್ರಾಮೀಣದ ತಾಣದಲ್ಲಿ ಸ್ಟೇಕ್‌ಹೋಲ್ಡರ್ಸ್ ಪಟ್ಟಿಯೊಳಗೆ ಐಎವೈ/ಪಿಎಂಎವೈಜಿ ಬೆನಿಫಿಶಿಯರಿ ಒತ್ತಿ. ನೋಂದಣಿ ಸಂಖ್ಯೆ ಕೇಳುತ್ತದೆ, ಕರ್ನಾಟಕದ್ದು ಕೆಎ ಎಂಬ ಎರಡು ಅಕ್ಷರದಿಂದ ಶುರುವಾಗುತ್ತದೆ. ಸಂಖ್ಯೆ ಇಲ್ಲದವರು ಪಕ್ಕದ ಅಡ್ವಾನ್ಸ್ಡ್ ಸರ್ಚ್‌ಗೆ ಹೋಗಿ ರಾಜ್ಯ, ಜಿಲ್ಲೆ, ಬ್ಲಾಕ್, ಪಂಚಾಯಿತಿ, ಯೋಜನೆ, ವರ್ಷ ಆರಿಸಿ ಹೆಸರು ಹಾಕಬಹುದು. ಬ್ಲಾಕ್ ಅಂದರೆ ನಮ್ಮಲ್ಲಿ ತಾಲ್ಲೂಕು. ಪೂರ್ತಿ ಹೆಸರು ಹಾಕಬೇಡಿ, ಮೊದಲ ಮೂರ್ನಾಲ್ಕು ಇಂಗ್ಲಿಷ್ ಅಕ್ಷರ ಸಾಕು. ಲಕ್ಷ್ಮಮ್ಮ ಎಂಬುದನ್ನು ಒಬ್ಬ ಆಪರೇಟರ್ ಕೆಎಸ್‌ಎಚ್ ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಎಕ್ಸ್ ಹಾಕಿರುತ್ತಾರೆ. ಇನಿಶಿಯಲ್ ಬಿಟ್ಟುಬಿಡಿ.

ಎರಡನೆಯದೇ ನನಗೆ ಹೆಚ್ಚು ಇಷ್ಟ, ಇಡೀ ಪಂಚಾಯಿತಿಯ ಪಟ್ಟಿ ಕೈಗೆ ಬರುತ್ತದೆ. ಆವಾಸ್‌ಸಾಫ್ಟ್ ಪಟ್ಟಿಯಲ್ಲಿ ರಿಪೋರ್ಟ್ ಒತ್ತಿದರೆ ಇಂಗ್ಲಿಷ್ ಅಕ್ಷರಗಳ ಹಲವು ವಿಭಾಗ ಕಾಣುತ್ತವೆ. ಎಚ್ ವಿಭಾಗ ಸೋಶಿಯಲ್ ಆಡಿಟ್‌ದು. ಅದರಲ್ಲಿ ಬೆನಿಫಿಶಿಯರಿ ಡೀಟೇಲ್ಸ್ ಫಾರ್ ವೆರಿಫಿಕೇಶನ್ ಎಂಬುದನ್ನು ಆರಿಸಿ ರಾಜ್ಯದಿಂದ ಪಂಚಾಯಿತಿವರೆಗೆ ಇಳಿಯಿರಿ, ವರ್ಷ ಮತ್ತು ಯೋಜನೆ ಹಾಕಿ. ಕೊನೆಗೆ ಎರಡು ಸಂಖ್ಯೆಯ ಸಣ್ಣ ಲೆಕ್ಕ ಕೊಡುತ್ತದೆ, ಉತ್ತರ ಬರೆದರೆ ಪಟ್ಟಿ ತೆರೆಯುತ್ತದೆ. ಎಕ್ಸೆಲ್ ಆಗಿ ಇಳಿಸಿಕೊಳ್ಳಬಹುದು. ನೋಂದಣಿ ಸಂಖ್ಯೆ ಅಲ್ಲೇ ಸಿಗುತ್ತದೆ.

ವರ್ಷದ ವಿಷಯದಲ್ಲಿ ಎಚ್ಚರ. ಅಲ್ಲಿ ಆರಿಸಬೇಕಾದದ್ದು ಮನೆ ಗುರಿಗೆ, ಅಂದರೆ ಆ ವರ್ಷಕ್ಕೆ ನಿಗದಿಯಾದ ಮನೆಗಳ ಲೆಕ್ಕಕ್ಕೆ, ಸೇರಿದ ಆರ್ಥಿಕ ವರ್ಷ. ಅರ್ಜಿ ಕೊಟ್ಟ ವರ್ಷ ಅಲ್ಲ, ಸಮೀಕ್ಷೆ ನಡೆದ ವರ್ಷವೂ ಅಲ್ಲ. ಒಂದರಲ್ಲಿ ಇಲ್ಲದಿದ್ದರೆ 2016-17ರಿಂದ ಹಿಡಿದು ಒಂದೊಂದೇ ನೋಡಿ.

ಹೊಸಮನೆ_ಹಾದಿ

ಸಮೀಕ್ಷೆಯಲ್ಲಿ ಹೆಸರು ಬರೆಸಿದವರಿಗೆ ಇವೆರಡರಲ್ಲೂ ಏನೂ ಕಾಣದಿದ್ದರೆ ಅರ್ಜಿ ಬಿದ್ದುಹೋಯಿತು ಅಂತ ಅರ್ಥವೇ?

ಗ್ರಾಮಸಭೆ_ಓದುಗ

ಅಲ್ಲ. ಸಮೀಕ್ಷೆ, ಕಾಯುವ ಪಟ್ಟಿ, ಮಂಜೂರಾತಿ ಮೂರೂ ಬೇರೆ ಮೆಟ್ಟಿಲು. ಮೇಲಿನ ಪಟ್ಟಿಯಲ್ಲಿ ಬರುವುದು ನೋಂದಣಿ ಆಗಿ ಗುರಿಗೆ ಸೇರಿದವರು.

2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯಿಂದ ಮೊದಲ ಕಾಯುವ ಪಟ್ಟಿ ಆಯಿತು. ಅದರಲ್ಲಿ ಬಿಟ್ಟುಹೋದವರಿಗಾಗಿ 2018ರಲ್ಲಿ ಆವಾಸ್ ಪ್ಲಸ್ ಸಮೀಕ್ಷೆ ಆಯಿತು. 2024ರಲ್ಲಿ ಯೋಜನೆಯನ್ನು 2028-29ರವರೆಗೆ, ಇನ್ನೂ 2 ಕೋಟಿ ಮನೆಗಳಿಗೆ ವಿಸ್ತರಿಸಿ ಹೊಸ ಆ್ಯಪ್‌ನಲ್ಲಿ ಮತ್ತೆ ಸಮೀಕ್ಷೆ ಶುರುಮಾಡಿದರು, ಮುಖ ಗುರುತಿಸುವ ವ್ಯವಸ್ಥೆಯೂ ಅದರಲ್ಲಿದೆ. ಆ್ಯಪ್‌ನಲ್ಲಿ ವಿವರ ಹೋದ ಮೇಲೆ ಪರಿಶೀಲನೆ ಆಗಬೇಕು, ಗ್ರಾಮಸಭೆ ಮುಂದೆ ಬರಬೇಕು, ಆಮೇಲೆ ಪಟ್ಟಿ.

ಪಟ್ಟಿಯಲ್ಲಿ ಕ್ರಮಾಂಕ ಹೋಲಿಸಿ ಜಗಳ ಆಡುವುದನ್ನು ನೋಡಿದರೆ ಬೇಸರವಾಗುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತರು, ಇತರರು ಹೀಗೆ ಪಟ್ಟಿ ಬೇರೆ ಬೇರೆ. ಗುರಿಯಲ್ಲಿ ಶೇ 60ರಷ್ಟು ಪರಿಶಿಷ್ಟರಿಗೆ ಮೀಸಲು. ಪ್ರತಿ ಪಟ್ಟಿಯೊಳಗೆ ಸೂರಿಲ್ಲದವರು ಮೊದಲು, ನಂತರ ಒಂದು ಕೋಣೆ, ಎರಡು ಕೋಣೆಯ ಕಚ್ಚಾ ಮನೆಯವರು. ಪಕ್ಕದ ಮನೆಯವರ 40ನೇ ನಂಬರಿಗೆ ಬಂತು, ನಮ್ಮ 25ಕ್ಕೆ ಬರಲಿಲ್ಲ ಎನ್ನುವಾಗ ಎರಡೂ ಒಂದೇ ಪಟ್ಟಿಯವೇ ಎಂದು ಮೊದಲು ನೋಡಿ.

ಮಲೆನಾಡ_ಮಣ್ಣು

ಪಟ್ಟಿಯಲ್ಲಿದ್ದ ಹೆಸರು ಪರಿಶೀಲನೆಯಲ್ಲಿ ಹೋಗುವುದು ಹೊರಗಿಡುವ ಮಾನದಂಡಗಳಿಂದ. ಇವು ಬದಲಾಗಿವೆ, ಹಳೆಯದನ್ನೇ ಹೇಳಿ ಕಳಿಸಿದರೆ ಒಪ್ಪಬೇಡಿ. ಮೊದಲು ಬೈಕ್, ಫ್ರಿಜ್, ಸ್ಥಿರ ದೂರವಾಣಿ ಇದ್ದರೂ ಹೆಸರು ತೆಗೆಯುತ್ತಿದ್ದರು. 2024ರ ವಿಸ್ತರಣೆಯಲ್ಲಿ ಆ ಮೂರನ್ನೂ ಬಿಟ್ಟಿದ್ದಾರೆ. ಮನೆಯ ಯಾರಾದರೊಬ್ಬರ ತಿಂಗಳ ಆದಾಯದ ಮಿತಿ 10,000 ಇದ್ದದ್ದು 15,000 ರೂಪಾಯಿ ಆಗಿದೆ.

ಈಗಲೂ ಅಡ್ಡಬರುವುದು: ಮೂರು ಅಥವಾ ನಾಲ್ಕು ಚಕ್ರದ ಮೋಟಾರು ವಾಹನ, ಟ್ರ್ಯಾಕ್ಟರಿನಂಥ ಕೃಷಿ ಯಂತ್ರ, 50,000 ರೂಪಾಯಿ ಅಥವಾ ಹೆಚ್ಚಿನ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್, ಮನೆಯಲ್ಲಿ ಸರ್ಕಾರಿ ನೌಕರ, ಸರ್ಕಾರದಲ್ಲಿ ನೋಂದಾಯಿಸಿದ ಕೃಷಿಯೇತರ ಉದ್ಯಮ, ಆದಾಯ ತೆರಿಗೆ ಅಥವಾ ವೃತ್ತಿ ತೆರಿಗೆ ಕಟ್ಟುವವರು, ಎರಡೂವರೆ ಎಕರೆ ನೀರಾವರಿ ಅಥವಾ ಐದು ಎಕರೆ ಖುಷ್ಕಿ ಜಮೀನು. ನಮ್ಮ ಕಡೆ ಹೆಚ್ಚು ಜನ ಸಿಕ್ಕಿಬೀಳುವುದು ಕಿಸಾನ್ ಕಾರ್ಡಿನಲ್ಲಿ. ಬೆಳೆಸಾಲ ತೆಗೆದಿದ್ದು ಎಷ್ಟೆಂದು ನೆನಪಿರುತ್ತದೆ, ಕಾರ್ಡಿನ ಮಿತಿ ಎಷ್ಟೆಂದು ನೋಡಿರುವುದಿಲ್ಲ. ನೋಡುವುದು ಮಿತಿಯನ್ನು.

ತಪ್ಪಾಗಿ ಹೆಸರು ತೆಗೆದಿದ್ದರೆ ಜಿಲ್ಲಾ ಮಟ್ಟದ ಮೇಲ್ಮನವಿ ಸಮಿತಿಗೆ ಬರಹದಲ್ಲಿ ಕೊಡಬೇಕು. ಗ್ರಾಮಸಭೆ ನಡಾವಳಿಯ ನಕಲನ್ನು ಜೊತೆಗಿಡಿ. ನಡಾವಳಿಯಲ್ಲಿ ಕಾರಣ ಬರೆಯದೆ ಹೆಸರು ಮಾತ್ರ ಹೊಡೆದು ಹಾಕಿದ್ದರೆ ಅದೇ ನಿಮ್ಮ ಗಟ್ಟಿ ಆಧಾರ.

ಲೆಕ್ಕಪುಸ್ತಕ

ಹಣದ ಭಾಗಕ್ಕೆ ಬರುತ್ತೇನೆ. ಮಂಜೂರಾಗಿ, ತಳಪಾಯ ಎದ್ದು ನಿಂತು, ಕಂತು ಬರದೆ ಬಡವರು ಬಡ್ಡಿ ಸಾಲಕ್ಕೆ ಬೀಳುವುದು ಈ ಹಂತದಲ್ಲೇ.

ಆವಾಸ್ ಗ್ರಾಮೀಣದಲ್ಲಿ ಬಯಲು ಪ್ರದೇಶಕ್ಕೆ ಸಹಾಯಧನ 1.20 ಲಕ್ಷ, ಗುಡ್ಡಗಾಡು ಮತ್ತು ದುರ್ಗಮ ಪ್ರದೇಶಕ್ಕೆ 1.30 ಲಕ್ಷ. ಕೇಂದ್ರ ಮತ್ತು ರಾಜ್ಯದ ಪಾಲು 60:40. ಕನಿಷ್ಠ ಮೂರು ಕಂತು. ಮಂಜೂರಾತಿ ಆದ ಏಳು ಕೆಲಸದ ದಿನದೊಳಗೆ ಮೊದಲ ಕಂತು ಹೋಗಬೇಕು, 12 ತಿಂಗಳಲ್ಲಿ ಮನೆ ಮುಗಿಯಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ಇದಲ್ಲದೆ ಶೌಚಾಲಯಕ್ಕೆ 12,000 ರೂಪಾಯಿ ಮತ್ತು ನರೇಗಾದಡಿ ಬಯಲು ಪ್ರದೇಶದಲ್ಲಿ 90 ದಿನದ ಕೂಲಿ ಬೇರೆ ಬೇರೆ ದಾರಿಯಲ್ಲಿ ಬರುತ್ತವೆ. ಮನೆಯ ಕಂತಿನ ಪುಟದಲ್ಲಿ ಕೂಲಿ ಕಾಣಲಿಲ್ಲವೆಂದು ಗಾಬರಿ ಬೇಡ, ಅದನ್ನು ಜಾಬ್ ಕಾರ್ಡಿನ ದಾಖಲೆಯಲ್ಲಿ ನೋಡಬೇಕು. ಆದರೆ ಜಾಬ್ ಕಾರ್ಡ್ ನಂಬರು ಮನೆಗೆ ಜೋಡಣೆ ಆಗಿರಲೇಬೇಕು.

ಕಂತು ಹೊರಡುವುದು ಎಫ್‌ಟಿಒ ಅಂದರೆ ಹಣ ವರ್ಗಾವಣೆ ಆದೇಶದಿಂದ. ಇಬ್ಬರ ಡಿಜಿಟಲ್ ಸಹಿ ಬೇಕು. ಸಹಿಯಾದ ಮೇಲೆ ಕೇಂದ್ರದ ಹಣ ಪಾವತಿ ವ್ಯವಸ್ಥೆಯಾದ ಪಿಎಫ್‌ಎಂಎಸ್‌ಗೆ, ಅಲ್ಲಿಂದ ಬ್ಯಾಂಕಿಗೆ. ಆವಾಸ್‌ಸಾಫ್ಟ್‌ನಲ್ಲಿ ಎಫ್‌ಟಿಒ ಟ್ರ್ಯಾಕಿಂಗ್ ಎಂದಿದೆ, ಅಲ್ಲಿ ಎಫ್‌ಟಿಒ ಸಂಖ್ಯೆ ಹಾಕಿ. ಸಂಖ್ಯೆಯೇ ಹುಟ್ಟಿಲ್ಲ ಎಂದರೆ ಕೆಲಸ ಬಾಕಿ ಇರುವುದು ಪಂಚಾಯಿತಿ ಅಥವಾ ತಾಲ್ಲೂಕಿನಲ್ಲಿ, ಬ್ಯಾಂಕಿಗೆ ಹೋಗಿ ಉಪಯೋಗವಿಲ್ಲ. ಸಂಖ್ಯೆ ಇದ್ದು ತಿರಸ್ಕಾರ ಎಂದಿದ್ದರೆ ಖಾತೆಯ ತೊಂದರೆ, ಆಗ ಬ್ಯಾಂಕಿಗೇ ಹೋಗಬೇಕು.

ತುಂಗಾತೀರ

ತಿರಸ್ಕಾರಕ್ಕೆ ಕಾರಣಗಳನ್ನು ಸ್ವಲ್ಪ ಬಿಡಿಸಿ ಹೇಳಿ ಸರ್. ಪಾಸ್‌ಬುಕ್ ಸರಿ ಇದೆ, ಆಧಾರ್ ಲಿಂಕ್ ಆಗಿದೆ ಅಂತ ಬ್ಯಾಂಕಿನವರೇ ಹೇಳಿದ ಮೇಲೂ ವಾಪಸ್ ಬರುವುದು ಯಾಕೆ?

ಲೆಕ್ಕಪುಸ್ತಕ

ಖಾತೆಗೆ ಆಧಾರ್ ಲಿಂಕ್ ಮಾಡುವುದು ಒಂದು, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆ ಖಾತೆ ಕೂರುವುದು ಇನ್ನೊಂದು. ಆಧಾರ್ ಆಧಾರಿತ ಪಾವತಿ ಹೋಗುವುದು ಎರಡನೆಯದನ್ನು ನೋಡಿ. ಒಬ್ಬರಿಗೆ ನಾಲ್ಕು ಬ್ಯಾಂಕಿನಲ್ಲಿ ಲಿಂಕ್ ಇರಬಹುದು, ಆದರೆ ಎನ್‌ಪಿಸಿಐ ಪಟ್ಟಿಯಲ್ಲಿ ಇರುವುದು ಒಂದೇ ಬ್ಯಾಂಕ್, ಕೊನೆಗೆ ಜೋಡಿಸಿದ್ದು. ಮೊಬೈಲ್ ಅಂಗಡಿಯಲ್ಲಿ ಯಾವುದೋ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆಸಿದ್ದರೆ ಮನೆಯ ಕಂತು ಅಲ್ಲಿಗೆ ಹೋಗಿ ಕೂತಿರುತ್ತದೆ, ಮನೆಯವರು ಹಳೆಯ ಪಾಸ್‌ಬುಕ್ ಹಿಡಿದು ಕಾಯುತ್ತಿರುತ್ತಾರೆ. ಮೈಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ. ಬ್ಯಾಂಕಿನ ಹೆಸರು ಮತ್ತು ಸಕ್ರಿಯವೋ ಅಲ್ಲವೋ ಎಂಬುದು ಬರುತ್ತದೆ. ಒಟಿಪಿ ಬರುವುದು ಆಧಾರ್‌ಗೆ ಕೊಟ್ಟಿರುವ ಮೊಬೈಲಿಗೆ.

ಎರಡನೇ ಕಾರಣ, ಕೆವೈಸಿ ಪೂರ್ತಿ ಕೊಡದೆ ತೆರೆದ ಸಣ್ಣ ಖಾತೆ. ಜನಧನ ಶಿಬಿರಗಳಲ್ಲಿ ತೆರೆದವುಗಳಲ್ಲಿ ಇಂಥವೂ ಇವೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಈ ಖಾತೆಗಳಲ್ಲಿ ಶಿಲ್ಕು 50,000 ದಾಟುವಂತಿಲ್ಲ (ಸರ್ಕಾರಿ ಸಹಾಯಧನ ಜಮೆಯಾಗುವಾಗ ಈ ಶಿಲ್ಕಿನ ಮಿತಿ ನೋಡುವುದಿಲ್ಲ), ವರ್ಷಕ್ಕೆ ಒಟ್ಟು ಜಮೆ 1 ಲಕ್ಷ ದಾಟುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಕಂತಿನ ಜೊತೆ ನರೇಗಾ ಕೂಲಿಯೋ ಪಿಂಚಣಿಯೋ ಸೇರಿದರೆ ವರ್ಷದ ಜಮೆಯ ಮಿತಿ ದಾಟಬಹುದು. ಜಮೆಯಾದರೂ ಸಿಮೆಂಟ್ ಅಂಗಡಿಗೆ ಕೊಡಲು ಹಣ ತೆಗೆಯಲಾಗುವುದಿಲ್ಲ. ಆಧಾರ್ ಮತ್ತು ಫೋಟೊ ಕೊಟ್ಟು ಪೂರ್ಣ ಕೆವೈಸಿ ಖಾತೆಯಾಗಿ ಬದಲಿಸಿಕೊಳ್ಳಿ, ಮಂಜೂರಾತಿ ಬರುವ ಮೊದಲೇ ಮಾಡಿದರೆ ಒಳ್ಳೆಯದು.

ಮೂರನೆಯದು, ಬ್ಯಾಂಕ್ ವಿಲೀನ. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. 2025ರ ಮೇ 1ರಿಂದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಬರೆದುಕೊಟ್ಟ ಅರ್ಜಿಗಳು ಇನ್ನೂ ದಾಖಲೆಯಲ್ಲಿವೆ. ಹೊಸ ಪಾಸ್‌ಬುಕ್ಕಿನ ಮೊದಲ ಪುಟದ ನಕಲು ಪಂಚಾಯಿತಿಗೆ ಕೊಟ್ಟು, ಖಾತೆ ಪರಿಶೀಲನೆ ಮತ್ತೆ ಆಯಿತೇ ಎಂದು ಕೇಳಿ.

ಇನ್ನು ಹೆಸರಿನ ವ್ಯತ್ಯಾಸ: ಆಧಾರ್‌ನಲ್ಲಿ ಗಂಡನ ಹೆಸರು ಸೇರಿ ಉದ್ದವಾಗಿ, ಪಾಸ್‌ಬುಕ್ಕಿನಲ್ಲಿ ಒಂದೇ ಪದ. ಎರಡರಲ್ಲಿ ಯಾವುದನ್ನು ತಿದ್ದಬೇಕು? ಪಾಸ್‌ಬುಕ್ಕನ್ನು ಆಧಾರ್‌ನಂತೆ ಮಾಡಿಸಿ. ಆಧಾರ್ ತಿದ್ದಿದರೆ ರೇಷನ್ ಕಾರ್ಡ್, ಜಾಬ್ ಕಾರ್ಡ್ ಎಲ್ಲ ಕದಲುತ್ತವೆ.

ಕಡತಕಟ್ಟು

ಖಾತೆ ಸರಿಯಿದ್ದೂ ಎಫ್‌ಟಿಒ ಹುಟ್ಟದಿರಲು ಫೋಟೊ ಕಾರಣ. ಪ್ರತಿ ಹಂತದಲ್ಲೂ ಜಾಗದ ಗುರುತಿನೊಂದಿಗೆ ಜಿಪಿಎಸ್ ಫೋಟೊ ಏರಬೇಕು. ಆವಾಸ್ ಗ್ರಾಮೀಣದಲ್ಲಿ ಈಗ ವಾಸವಿರುವ ಮನೆ ಮತ್ತು ಕಟ್ಟುವ ಜಾಗ ಎರಡರ ಫೋಟೊ ಮಂಜೂರಾತಿಗೆ ಮೊದಲೇ ಬೇಕು. ನಿಗಮದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ನಾಲ್ಕು ಹಂತ. ತಳಪಾಯ ಹಾಕಿ ಎರಡು ತಿಂಗಳಾದರೂ ಪುಟದಲ್ಲಿ "ಆರಂಭವಾಗಿಲ್ಲ" ಎಂದೇ ಇದ್ದರೆ ಫೋಟೊ ಏರಿಲ್ಲ, ಇಲ್ಲವೇ ಏರಿದ್ದು ಮೇಲಿನವರ ಒಪ್ಪಿಗೆಗೆ ಕಾದಿದೆ.

ಜಾಗ ಬದಲಿಸಬೇಡಿ. ಮೊದಲ ಫೋಟೊ ಹಳೆಯ ಗುಡಿಸಲಿನ ಜಾಗದಲ್ಲಿ ತೆಗೆಸಿ, ಆಮೇಲೆ ವಾಸ್ತು ನೋಡಿಯೋ ದಾಯಾದಿ ತಕರಾರಿಗೋ ಬೇರೆ ಕಡೆ ಪಾಯ ತೋಡಿದರೆ ಜಿಪಿಎಸ್ ಗುರುತು ತಾಳೆಯಾಗುವುದಿಲ್ಲ. ಬದಲಿಸಲೇಬೇಕಾದರೆ ಅಗೆಯುವ ಮೊದಲು ಪಂಚಾಯಿತಿಗೆ ಬರೆದುಕೊಟ್ಟು ಹೊಸ ಜಾಗದ ಇ-ಸ್ವತ್ತು ನಮೂನೆ 9, 11 ಅಥವಾ ಹಕ್ಕುಪತ್ರ ಒದಗಿಸಿ.

ಗಾರೆ ಮೇಸ್ತ್ರಿಗಳಿಗೂ ಒಂದು ಮಾತು ಹೇಳಿಬಿಡಿ: ಲಿಂಟಲ್ ಹಂತದ ಫೋಟೊ ಆಗುವ ಮೊದಲು ಛಾವಣಿ ಹಾಕಿ ಮುಗಿಸಬೇಡಿ. ಆ ಹಂತದ ದಾಖಲೆ ಸರಿಮಾಡಿಸಲು ಮತ್ತೆ ಅಲೆದಾಟ.

ನಿಗಮದ ಪುಟದಲ್ಲಿ "ಬ್ಲಾಕ್" (ಇಲ್ಲಿ ತಾಲ್ಲೂಕು ಅಲ್ಲ, ತಡೆ) ಎಂದು ಬಂದರೆ ಮನೆ ಶಾಶ್ವತವಾಗಿ ರದ್ದಾಯಿತೆಂದು ಕೈಬಿಡಬೇಡಿ. ನಿಗದಿತ ಅವಧಿಯಲ್ಲಿ ಕೆಲಸ ಶುರುವಾಗದ ಮನೆಗಳನ್ನು ಹಾಗೆ ತಡೆಹಿಡಿಯುತ್ತಾರೆ. ಕೆಲಸ ನಡೆದಿರುವ ಫೋಟೊ, ಮಂಜೂರಾತಿ ಆದೇಶ ಇಟ್ಟು ಪಂಚಾಯಿತಿಯಿಂದ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ ಮೂಲಕ ತಡೆ ತೆಗೆಯುವ ಕೋರಿಕೆ ಹೋಗಬೇಕು.

ವಾರ್ಡ್_ಸಂಖ್ಯೆ_ಒಂದು

ಪಟ್ಟಣದ್ದು ಯಾರೂ ಹೇಳಲಿಲ್ಲ. 2015ರ ಜೂನ್ 25ರಂದು ಶುರುವಾದ ಪಟ್ಟಣದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಅರ್ಜಿಯಾದರೆ ಪಿಎಂಎವೈಎಂಐಎಸ್‌ನಲ್ಲಿ ಸಿಟಿಜನ್ ಅಸೆಸ್‌ಮೆಂಟ್ ಪಟ್ಟಿಯೊಳಗೆ ಟ್ರ್ಯಾಕ್ ಯುವರ್ ಅಸೆಸ್‌ಮೆಂಟ್ ಸ್ಟೇಟಸ್. ಅಸೆಸ್‌ಮೆಂಟ್ ಐಡಿ ಮತ್ತು ಮೊಬೈಲ್ ಹಾಕಬಹುದು, ಐಡಿ ಕಳೆದಿದ್ದರೆ ಹೆಸರು, ತಂದೆಯ ಹೆಸರು, ಮೊಬೈಲ್ ಹಾಕಬಹುದು. ಮೊಬೈಲ್ ಅರ್ಜಿಯಲ್ಲಿ ಕೊಟ್ಟಿದ್ದೇ ಆಗಬೇಕು. ಸೈಬರ್ ಸೆಂಟರಿನವರ ನಂಬರು ಹಾಕಿ ಅರ್ಜಿ ತುಂಬಿಸಿದ್ದರೆ ಇಲ್ಲೇ ಸಿಕ್ಕಿಕೊಳ್ಳುತ್ತದೆ. 2024ರ ಸೆಪ್ಟೆಂಬರ್ 1ರ ನಂತರದ 2.0 (ಅದೇ ಯೋಜನೆಯ ಎರಡನೇ ಹಂತ) ಅರ್ಜಿಗೆ ಬೇರೆಯೇ ಪುಟ, ಅಲ್ಲಿ ಟ್ರ್ಯಾಕ್ ಅಪ್ಲಿಕೇಶನ್ ಎಂದಿದೆ.

ಬ್ಯಾಂಕ್ ಸಾಲದ ಬಡ್ಡಿ ಸಹಾಯಧನ ತೆಗೆದುಕೊಳ್ಳುವವರು ಗಮನಿಸಿ. ಹಳೆಯದು ಕಡಿಮೆ ಆದಾಯದವರಿಗೂ 2022ರ ಮಾರ್ಚ್ 31ಕ್ಕೆ ನಿಂತಿತು. 2.0ದಲ್ಲಿ 35 ಲಕ್ಷದವರೆಗಿನ ಮನೆಗೆ 25 ಲಕ್ಷದವರೆಗಿನ ಸಾಲವಿದ್ದರೆ, ಮೊದಲ 8 ಲಕ್ಷಕ್ಕೆ ಶೇ 4 ಬಡ್ಡಿ ಸಹಾಯ. ಗರಿಷ್ಠ 1.80 ಲಕ್ಷ, ಅದೂ ಐದು ವಾರ್ಷಿಕ ಕಂತಿನಲ್ಲಿ. ಪ್ರತಿ ಕಂತಿನ ಹೊತ್ತಿಗೆ ಸಾಲ ಚಾಲ್ತಿಯಲ್ಲಿರಬೇಕು ಮತ್ತು ಅಸಲಿನ ಅರ್ಧಕ್ಕಿಂತ ಹೆಚ್ಚು ಬಾಕಿ ಇರಬೇಕು. ಬೋನಸ್ ಬಂತೆಂದು ಸಾಲ ಬೇಗ ತೀರಿಸಿದರೆ ಉಳಿದ ಕಂತು ನಿಲ್ಲುತ್ತದೆ. ಕಳೆದ 20 ವರ್ಷದಲ್ಲಿ ಯಾವುದೇ ಸರ್ಕಾರಿ ವಸತಿ ಯೋಜನೆಯ ಲಾಭ ಪಡೆದವರಿಗೆ 2.0 ಸಿಗುವುದಿಲ್ಲ.

ವಾಜಪೇಯಿ ನಗರ ವಸತಿಯದ್ದಾದರೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯ ಆಯ್ಕೆ ಪಟ್ಟಿಯನ್ನು ಪುರಸಭೆಯಲ್ಲೇ ಕೇಳಿ.

ತುಂಗಾತೀರ

ಇಷ್ಟೆಲ್ಲ ನೋಡಿಯೂ ಕಚೇರಿಯಲ್ಲಿ ಬಾಯಿಮಾತಿನ ಉತ್ತರ ಮಾತ್ರ ಸಿಕ್ಕರೆ?

ಗ್ರಾಮಸಭೆ_ಓದುಗ

ಮೊದಲು 1902ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಅದು ರಾಜ್ಯದ ಸಹಾಯವಾಣಿ. ಆವಾಸ್ ಗ್ರಾಮೀಣಕ್ಕೆ 1800-11-6446.

ಆಮೇಲೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ, ಕಾರ್ಡಿನ ನಕಲು ಇಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ನನಗೆ ಯಾಕೆ ಮನೆ ಕೊಟ್ಟಿಲ್ಲ" ಎಂದು ಬರೆದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ದಾಖಲೆ ಕೇಳಬೇಕು. ಹೀಗೆ ಬರೆಯಬಹುದು:

"ಫಲಾನುಭವಿ ಸಂಕೇತ (ಇಂತಿಷ್ಟು) ಇವರ ಮನೆಗೆ ಸಂಬಂಧಿಸಿದ ಮಂಜೂರಾತಿ ಆದೇಶ, ಅಪ್‌ಲೋಡ್ ಮಾಡಿದ ಜಿಪಿಎಸ್ ಫೋಟೊಗಳು ಮತ್ತು ಅವುಗಳ ದಿನಾಂಕ, ಈವರೆಗೆ ಸೃಷ್ಟಿಸಿದ ಹಣ ವರ್ಗಾವಣೆ ಆದೇಶಗಳ ಸಂಖ್ಯೆ, ತಿರಸ್ಕೃತವಾಗಿದ್ದರೆ ದಾಖಲಾದ ಕಾರಣ, ಇವುಗಳ ದೃಢೀಕೃತ ನಕಲು ನೀಡಿ."

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ.

ಮಲೆನಾಡ_ಮಣ್ಣು

ಫಲಾನುಭವಿ ತೀರಿಕೊಂಡಿದ್ದರೆ ಖಾತೆಗೆ ಕಂತು ಬರಲಿ ಎಂದು ಸುಮ್ಮನೆ ಕಾಯಬೇಡಿ, ಎಟಿಎಂನಿಂದ ತೆಗೆಯುವುದೂ ತಪ್ಪು. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್, ಪಾಸ್‌ಬುಕ್ ಸೇರಿಸಿ ಪಂಚಾಯಿತಿಗೆ ಹೆಸರು ಬದಲಾವಣೆಗೆ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ವಂಶವೃಕ್ಷ ನಾಡಕಚೇರಿಯಲ್ಲಿ ಆಗುತ್ತದೆ.

ಲೆಕ್ಕಪುಸ್ತಕ

"ನಿಮ್ಮ ಮನೆ ಮಂಜೂರಾಗಿದೆ, ಕಂತು ಬಿಡಿಸಲು ಒಟಿಪಿ ಹೇಳಿ" ಎಂದು ಫೋನ್ ಬಂದರೆ ಇಟ್ಟುಬಿಡಿ. ಸ್ಥಿತಿ ನೋಡುವಾಗ ಒಟಿಪಿಯನ್ನು ನೀವೇ ತಾಣದಲ್ಲಿ ಹಾಕುತ್ತೀರಿ, ಫೋನಿನಲ್ಲಿ ಯಾರಿಗೂ ಹೇಳುವ ಕೆಲಸವಿಲ್ಲ. ತಾಣದ ವಿಳಾಸ ಜಿಒವಿ ಡಾಟ್ ಇನ್ ಅಥವಾ ಎನ್‌ಐಸಿ ಡಾಟ್ ಇನ್ ಎಂದು ಮುಗಿಯದಿದ್ದರೆ ಅಲ್ಲಿ ಆಧಾರ್ ಸಂಖ್ಯೆ ಹಾಕಬೇಡಿ. ವಾಟ್ಸಾಪ್‌ನಲ್ಲಿ ಓಡಾಡುವ "ಹೊಸ ಪಟ್ಟಿ" ಕೊಂಡಿಗಳು ಹೆಚ್ಚಾಗಿ ಇಂಥವೇ.

ಹೊಸಮನೆ_ಹಾದಿ

ಎಚ್ ವಿಭಾಗದ ಪಟ್ಟಿ ತೆರೆಯಿತು ಅಣ್ಣಾ, 2021-22ರಲ್ಲಿ ತಾಯಿಯ ಹೆಸರಲ್ಲಿ ಇದೆ. ನೋಂದಣಿ ಸಂಖ್ಯೆ ಸಿಕ್ಕಿತು. ಮೊದಲ ಕಂತು ಕಾಣುತ್ತಿದೆ, ಎರಡನೆಯದಕ್ಕೆ ಎಫ್‌ಟಿಒ ಇಲ್ಲ.

ಕಡತಕಟ್ಟು

ಹಾಗಾದರೆ ಬ್ಯಾಂಕಿಗೆ ಹೋಗಬೇಕಿಲ್ಲ. ಪಂಚಾಯಿತಿಯಲ್ಲಿ ಎರಡನೇ ಹಂತದ ಫೋಟೊ ಏರಿದ ದಿನಾಂಕ ಕೇಳಿ. ಏರಿದ್ದರೆ ತಾಲ್ಲೂಕು ಪಂಚಾಯಿತಿಯ ವಸತಿ ವಿಭಾಗದಲ್ಲಿ ಒಪ್ಪಿಗೆ ಬಾಕಿಯೇ ಎಂದು ನೋಡಿಸಿ. ಏರಿಲ್ಲದಿದ್ದರೆ ತಾಯಿಯನ್ನು ಮನೆ ಮುಂದೆ ನಿಲ್ಲಿಸಿ ಪಂಚಾಯಿತಿಯವರಿಂದಲೇ ಫೋಟೊ ತೆಗೆಸಿ, ಏರಿಸುವಾಗ ಪಕ್ಕದಲ್ಲೇ ಇರಿ.